ಏರಿಗೆ ಮುಂಚೆ ಗೇರು

ಗುಡಿಬಂಡೆ, ಚಿಕ್ಕಬಳ್ಳಾಪುರ ಕಡೆಯ ಕಲ್ಲು ಕ್ವಾರಿಗಳಲ್ಲಿ ದುಡಿದ ಲಾರಿಯ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಕೈಗೆತ್ತಿಕೊಂಡರೆ ಸಾಕು, ಗಾಡಿ ಓಡಿಸಿದ ರೀತಿ ಗೊತ್ತಾಗುತ್ತದೆ. ಲೈನಿಂಗ್ ಸಮವಾಗಿ ಸವೆದು ರಿವೆಟ್ ಹತ್ತಿರಕ್ಕೆ ಬಂದಿದ್ದರೆ ಅದು ಸಹಜ ಸವೆತ. ಪ್ಲೇಟ್ ನುಣುಪಾಗಿ ಮಿರುಗುತ್ತಿದ್ದು, ಫ್ಲೈವೀಲ್ ಮೇಲೆ ನೀಲಿ ಕಲೆಗಳೂ ಕೂದಲೆಳೆ ಬಿರುಕುಗಳೂ ಕಂಡರೆ ಅದು ಹಾಫ್ ಕ್ಲಚ್‌ನ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಓಡಿಸಿದ್ದರ ಕೆಲಸ. ಲೋಡು ಜಾಸ್ತಿಯಾಗಿ ಪ್ಲೇಟ್ ಹೋಯಿತು ಅಂತ ಮಾಲೀಕರು ಹೇಳುವುದುಂಟು. ಬಹಳ ಸಲ ಅದು ಹೋಗಿರುವುದು ಏರಿನ ಮಧ್ಯದಲ್ಲಿ ಗೇರ್ ಹುಡುಕಿದ್ದರಿಂದ.

ಸಣ್ಣ ಲೆಕ್ಕ ನೋಡಿ. ಒಂದು ಲಾರಿಯ ಮೊದಲ ಗೇರಿನ ಅನುಪಾತ 9, ಹಿಂದಿನ ಆಕ್ಸಲ್‌ನದು 6 ಅಂದುಕೊಳ್ಳೋಣ. ಎಂಜಿನ್ 54 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದಿರುವಾಗ) ನಿಮಿಷಕ್ಕೆ 600 ಸುತ್ತು, ಟೈರಿನ ಸುತ್ತಳತೆ ಸುಮಾರು 3.3 ಮೀಟರ್ ಎಂದರೆ ಗಾಡಿ ಗಂಟೆಗೆ 2 ಕಿ.ಮೀ. ಚಿಲ್ಲರೆ ವೇಗದಲ್ಲಿ ತಾನಾಗಿಯೇ ಹೋಗುತ್ತದೆ, ಪಕ್ಕದಲ್ಲಿ ನಡೆಯುವವರಿಗಿಂತ ನಿಧಾನವಾಗಿ. ಅದೇ ಗಾಡಿಯನ್ನು 3ರ ಅನುಪಾತದ ಮೇಲಿನ ಗೇರಿಗೆ ಹಾಕಿ. ಐಡ್ಲಿಂಗ್‌ನಲ್ಲೇ ವೇಗ 6.5 ಕಿ.ಮೀ. ದಾಟುತ್ತದೆ, ಎಳೆಯುವ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಲ್ಲುಗುಂಡುಗಳ ಮೇಲೆ ಅಷ್ಟು ವೇಗ ಬೇಡ ಅನ್ನಿಸಿದಾಗ ಕಾಲು ತಾನಾಗಿ ಕ್ಲಚ್‌ಗೆ ಹೋಗುತ್ತದೆ. ಪ್ಲೇಟ್ ಸುಡಲು ಶುರುವಾಗುವುದು ಅಲ್ಲಿಂದ. ದಾರಿ ಕೆಟ್ಟಲ್ಲಿ ಕ್ಲಚ್ ಅನ್ನು ಲೈಟಿನ ಸ್ವಿಚ್ಚಿನ ಹಾಗೆ ನೋಡಬೇಕು: ಪೂರ್ತಿ ಒತ್ತು, ಇಲ್ಲವೇ ಪೂರ್ತಿ ಬಿಡು. ವೇಗ ಕಮ್ಮಿ ಮಾಡುವುದು ಗೇರಿನ ಕೆಲಸ.

ಹಾಗಾಗಿ ಏರಿನ ಬುಡದಲ್ಲೇ ನಿಲ್ಲಿಸಿ, ಇಳಿದು, ಮೇಲಿನವರೆಗೆ ಒಮ್ಮೆ ನಡೆದು ನೋಡಿ. ಎದುರಿಗೆ ಗಾಡಿ ಬಂದರೆ ಜಾಗವಿದೆಯೇ, ನೀರು ಕೊರೆದ ಕೊರಕಲು ಎಷ್ಟು ಆಳ, ನೆತ್ತಿಯ ಆಚೆ ರಸ್ತೆ ಯಾವ ಕಡೆ ತಿರುಗುತ್ತದೆ ಎಂಬುದು ಸೀಟಿನಿಂದ ಕಾಣುವುದಿಲ್ಲ. ಆಮೇಲೆ ಗೇರ್ ಹಾಕಿ. ಲೋಡ್ ಇದ್ದರೆ ಮೊದಲನೆಯದು, ಅದಕ್ಕಿಂತ ನಿಧಾನದ ಕ್ರಾಲರ್ ಗೇರ್ ಇದ್ದರೆ ಅದೇ. 4x4 ಪಿಕಪ್ ಆದರೆ ಗಾಡಿ ನಿಂತಿರುವಾಗಲೇ ಲೋ ರೇಂಜ್‌ಗೆ ಹಾಕಿ. ಆಕ್ಸಿಲರೇಟರ್ ಒತ್ತದೆ ಕ್ಲಚ್ ಪೂರ್ತಿ ಬಿಡಿ. ಡೀಸೆಲ್ ಎಂಜಿನ್ ಭಾರ ಬಿದ್ದ ಹಾಗೆ ತಾನೇ ಡೀಸೆಲ್ ಹೆಚ್ಚಿಸಿಕೊಂಡು ಎಳೆಯುತ್ತದೆ. ಗಾಡಿ ಹೊರಟ ಮೇಲೆ ಎಡಗಾಲು ನೆಲದ ಮೇಲಿರಲಿ, ಪೆಡಲ್ ಮೇಲಲ್ಲ. ಬಲಗಾಲನ್ನು ಹದವಾಗಿ ಒತ್ತಿ. ಹೆಬ್ಬೆರಳುಗಳನ್ನು ಸ್ಟೀರಿಂಗ್ ಒಳಗೆ ಸುತ್ತಬೇಡಿ, ಹೊರಗಡೆ ಇರಲಿ. ಮುಂಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಕಡ್ಡಿ ತಿರುಗಿ ಹೆಬ್ಬೆರಳು ಮುರಿದೀತು. ಪವರ್ ಸ್ಟೀರಿಂಗ್‌ನಲ್ಲಿ ಇದು ಕಮ್ಮಿ, ಇಲ್ಲವೇ ಇಲ್ಲ ಎನ್ನಲಾಗದು.

ಏರಿನ ಮಧ್ಯೆ ಎಂಜಿನ್ ಆಫ್ ಆಯಿತು ಎನ್ನಿ. ಅಪಾಯ ಹೆಚ್ಚಿರುವ ಗಳಿಗೆ ಇದೇ, ಜನ ತಪ್ಪುವುದೂ ಇಲ್ಲೇ. ಗಾಬರಿಯಲ್ಲಿ ಮೊದಲು ಒತ್ತುವುದು ಕ್ಲಚ್. ಒತ್ತಿದ ತಕ್ಷಣ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಕ್ಲಚ್ ಮುಟ್ಟದೆ ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲೀನರ್ ಇದ್ದರೆ ಪಕ್ಕದಿಂದ ಬಂದು ಹಿಂದಿನ ಟೈರಿಗೆ ಕಲ್ಲು ಕೊಡಲಿ, ಗಾಡಿಯ ಹಿಂದೆ ನಿಂತುಕೊಂಡಲ್ಲ. ಬ್ರೇಕಿನ ಗಾಳಿ ಎಷ್ಟಿದೆ ಎಂದು ಏರ್ ಗೇಜ್ ನೋಡಿ. ಕಲ್ಲು ಕೊಟ್ಟಾದ ಮೇಲೆ ಬ್ರೇಕ್ ಹಿಡಿದೇ ಕ್ಲಚ್ ಒತ್ತಿ ಎಂಜಿನ್ ಚಾಲೂ ಮಾಡಿ, ಏಕೆಂದರೆ ಎಂಜಿನ್ ಇಲ್ಲದೆ ಪವರ್ ಸ್ಟೀರಿಂಗೂ ಇಲ್ಲ, ಗಾಳಿಯೂ ತುಂಬುವುದಿಲ್ಲ. ಬ್ರೇಕ್ ಹಿಡಿದಿರುವಾಗಲೇ ಪಕ್ಕದಿಂದ ಕಲ್ಲು ತೆಗೆಸಿ, ರಿವರ್ಸ್ ಹಾಕಿ, ಬ್ರೇಕ್ ಸಡಿಲಿಸುತ್ತಾ ಕ್ಲಚ್ ಪೂರ್ತಿ ಬಿಡಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ಇಳಿಸುತ್ತದೆ. ಬಂದ ಜಾಡಿನಲ್ಲೇ, ನೆಟ್ಟಗೆ ಇಳಿಯಬೇಕು. ಏರಿನಲ್ಲಿ ಅಡ್ಡ ತಿರುಗಿಸಿ ಬರುತ್ತೇನೆ ಅಂದರೆ ಲೋಡ್ ಇರುವ ಗಾಡಿ ಮಗುಚುವುದು ಖಂಡಿತ ಎಂದೇ ಇಟ್ಟುಕೊಳ್ಳಿ. ಕೆಳಗೆ ಬಂದ ಮೇಲೆ ಒಂದು ಗೇರ್ ಕಮ್ಮಿಯಲ್ಲಿ ಮತ್ತೆ ಹೊರಡಿ. ಮೊದಲನೆಯದರಲ್ಲೇ ಆಫ್ ಆಗಿದ್ದರೆ ಲೋಡ್ ಇಳಿಸದೆ ಆ ಏರು ಹತ್ತುವ ಯೋಚನೆ ಬಿಡಿ.

ಇಳಿಯುವಾಗಿನ ಲೆಕ್ಕ ಸುಲಭ. ಆ ಇಳಿಜಾರನ್ನು ಹತ್ತಲು ಯಾವ ಗೇರ್ ಬೇಕೋ ಅದೇ, ಅಥವಾ ಅದಕ್ಕಿಂತ ಒಂದು ಕೆಳಗೆ. ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರ ಬ್ರೇಕ್ ಡ್ರಮ್ ಕಾದು, ಲೈನರ್ ಹಿಡಿತ ಬಿಡುತ್ತದೆ. ಪದೇಪದೇ ಬ್ರೇಕ್ ಒತ್ತಿಬಿಟ್ಟರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಟ್ಯಾಂಕ್ ಗಾಳಿ ಖಾಲಿಯಾಗುತ್ತದೆ. ಜಲ್ಲಿಯ ಮೇಲೆ ಚಕ್ರ ಲಾಕ್ ಆಗಿ ಜಾರಿದರೆ ಬ್ರೇಕ್ ಬಿಡಬೇಕು. ಆ ಹೊತ್ತಿನಲ್ಲಿ ಮನಸ್ಸು ಬರುವುದಿಲ್ಲ ನಿಜ, ಆದರೆ ತಿರುಗುವ ಚಕ್ರ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ.

ಕೋಲಾರದ ಕೆರೆ ಅಂಗಳದ ಪಾಠವೇ ಬೇರೆ. ಹಿಂದೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತಿದ್ದ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅಂಥ ಕೆರೆಯ ಅಂಚಿನಲ್ಲಿ ಮೇಲೆ ಒಣ ಪದರ ಇದ್ದರೂ ಕೆಳಗೆ ಗೋಡುಮಣ್ಣು ಹಸಿಯಾಗಿಯೇ ಇರಬಹುದು. ಹೂಳನ್ನು ಗಾಡಿಗೆ ತುಂಬಲು ಇಳಿಯುವ ಮುಂಚೆ ಹಾರೆಯಿಂದ ಚುಚ್ಚಿ ನೋಡಿ. ಕೈಬಲಕ್ಕೇ ಒಂದು ಅಡಿ ಇಳಿದರೆ ಲೋಡಾದ ಟಿಪ್ಪರ್ ಅಲ್ಲಿಂದ ಎದ್ದು ಬರುವುದಿಲ್ಲ. ಗೋಡಿನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದಷ್ಟು ಹೊತ್ತಿನಲ್ಲೇ ಗಾಡಿ ನಿಂತುಬಿಡುತ್ತದೆ. ಅದಕ್ಕೇ ಎರಡನೇ ಗೇರಿನಲ್ಲಿ, ಒಂದೇ ಹದದಲ್ಲಿ, ನಿಲ್ಲದೆ ದಾಟಬೇಕು. ಜಯಮಂಗಲಿ, ಉತ್ತರ ಪಿನಾಕಿನಿ ನದಿ ಪಾತ್ರದ ಒಣ ಮರಳಿಗೂ ಇದೇ ನಿಯಮ. ಮೊದಲ ಗೇರಿನ ಬಲಕ್ಕೆ ಚಕ್ರ ಗುಂಡಿ ತೋಡುತ್ತದೆ. ಖಾಲಿ ಪಿಕಪ್ ಆದರೆ ಗಾಳಿಯನ್ನು 40ರಿಂದ 30 ಪಿಎಸ್‌ಐಗೆ ಇಳಿಸಿ ನಿಧಾನವಾಗಿ ಹೋಗಿ, ಟಾರ್ ಮುಟ್ಟುವ ಮುಂಚೆ ತುಂಬಿಸಿ. ಲೋಡ್ ಲಾರಿಯ ಗಾಳಿ ಇಳಿಸಬೇಡಿ, ಜೋಡಿ ಟೈರುಗಳ ಪಕ್ಕೆಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ.

ಚಕ್ರ ಇದ್ದಲ್ಲೇ ಸುತ್ತಲು ಶುರುವಾದರೆ ಆಕ್ಸಿಲರೇಟರ್ ಬಿಟ್ಟು ನಿಲ್ಲಿಸಿ. ಇನ್ನೂ ಒತ್ತಿದರೆ ಹಿಂದಿನ ಆಕ್ಸಲ್ ನಡುವಿನ ಗುಂಡು ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಹೌಸಿಂಗ್, ಮಣ್ಣಿನ ಮೇಲೆ ಕೂರುತ್ತದೆ, ಆಮೇಲೆ ಯಾವ ಗೇರೂ ಉಪಯೋಗವಿಲ್ಲ. ಎರಡೂ ಕಡೆಯ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫ್ ಲಾಕ್ ಇದ್ದರೆ ಚಕ್ರ ಪೂರ್ತಿ ನಿಂತ ಮೇಲೆ ಹಾಕಿ. ಸುತ್ತುತ್ತಿರುವಾಗ ಹಾಕಿದರೆ ಅದರ ಹಲ್ಲು ಕಿತ್ತುಬರುತ್ತದೆ. ಲಾಕ್ ಇರುವಾಗ ನೆಟ್ಟಗೇ ಹೋಗಿ, ತಿರುವಿಗೆ ಮುಂಚೆ ತೆಗೆಯಿರಿ. ಹೌಸಿಂಗ್ ಕೆಳಗಿನ ಮಣ್ಣು ತೋಡಿ, ಟೈರಿನ ಮುಂದೆ ಇಳಿಜಾರು ಮಾಡಿ, ತುಮಕೂರಿನ ಕಡೆ ಆದರೆ ತೆಂಗಿನ ಗರಿ ಎಲ್ಲೆಡೆ ಸಿಗುತ್ತದೆ, ಅದರ ದಿಂಡನ್ನು ಅಡ್ಡಡ್ಡ ಹಾಸಿ. ಬಂದ ಜಾಡಿನಲ್ಲೇ ಹಿಂದಕ್ಕೆ ಬರುವುದು ಮುಂದಕ್ಕೆ ಹೋಗುವುದಕ್ಕಿಂತ ಸಲೀಸು. ಟ್ರಾಕ್ಟರ್‌ನಿಂದ ಎಳೆಸುವುದಾದರೆ ಬಂಪರ್‌ಗೆ ಕಟ್ಟಬೇಡಿ, ಟೋಯಿಂಗ್ ಪಿನ್‌ಗೇ ಕಟ್ಟಿ. ಹಗ್ಗದ ಉದ್ದಕ್ಕಿಂತ ದೂರಕ್ಕೆ ಜನರನ್ನು ಸರಿಸಿ.

ಕಲ್ಲು ದಾರಿಯಲ್ಲಿ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ಹೋಗುವುದು ಜಾಣತನ ಅನ್ನಿಸುತ್ತದೆ. ಆದರೆ ಹಿಂದಿನ ಆಕ್ಸಲ್‌ನಲ್ಲಿ ನೆಲಕ್ಕೆ ಹತ್ತಿರವಿರುವುದು ಆ ಹೌಸಿಂಗೇ. ಟೈರನ್ನೇ ಕಲ್ಲಿನ ಮೇಲೆ ನಿಧಾನವಾಗಿ ಹತ್ತಿಸಿದರೆ ಹೌಸಿಂಗೂ ಜೊತೆಗೆ ಮೇಲೇಳುತ್ತದೆ. ಕ್ವಾರಿಯಿಂದ ಹೊರಬಂದ ಕೂಡಲೇ ಜೋಡಿ ಟೈರುಗಳ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಸಿಕ್ಕಿಕೊಂಡ ಕಲ್ಲು ಹೆದ್ದಾರಿಯ ವೇಗದಲ್ಲಿ ಟೈರ್ ಪಕ್ಕೆ ಸೀಳುತ್ತದೆ, ಇಲ್ಲವೇ ಹಾರಿ ಹಿಂದಿನ ಬೈಕಿನವರ ತಲೆಗೆ ಬೀಳುತ್ತದೆ.

ಕೆರೆ ಏರಿಯ ಮೇಲೆ ಟಿಪ್ಪರ್ ಬಾಡಿ ಎತ್ತುವವರಿಗೂ ಒಂದು ಮಾತು. ಎರಡೂ ಕಡೆಯ ಚಕ್ರ ಸಮನೆಲದಲ್ಲಿದೆಯೇ, ಮೇಲೆ ಕರೆಂಟ್ ತಂತಿ ಇದೆಯೇ ನೋಡಿಯೇ ಎತ್ತಿ. ಹಸಿ ಮಣ್ಣು ಮೇಲ್ತುದಿಗೆ ಅಂಟಿ ಕೂತಿದ್ದರೆ ಗಾಡಿ ಮುಂದಕ್ಕೆ ಜಗ್ಗಿ ಬ್ರೇಕ್ ಹೊಡೆಯಬೇಡಿ. ಬಾಡಿ ಇಳಿಸಿ, ಸಲಿಕೆಯಿಂದ ಕೆರೆಸಿ.

ಸಂಜೆ ಗಾಡಿ ನಿಲ್ಲಿಸುವಾಗ ಕಮಾನ್ ಪಟ್ಟಿಯ ಯು-ಬೋಲ್ಟ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟುಗಳು ಸಡಿಲವಾಗಿವೆಯೇ ನೋಡಿ. ಕೋಡಿ ನೀರಿನಲ್ಲಿ ಇಳಿದಿದ್ದರೆ ಡಿಫರೆನ್ಷಿಯಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಪರೀಕ್ಷಿಸಿ. ತಿರುಗಿದ್ದರೆ ಹೌಸಿಂಗ್‌ನ ಗಾಳಿ ಕಿಂಡಿಯಾದ ಬ್ರೀದರ್ ಕಟ್ಟಿದೆ ಅಥವಾ ಸೀಲ್ ಹೋಗಿದೆ, ಎಣ್ಣೆ ಪೂರ್ತಿ ಬದಲಿಸಬೇಕು. ಕ್ಲಚ್ ಪೆಡಲ್‌ನ ಪ್ಲೇ (ಕ್ಲಚ್ ಬಿಡಲು ಶುರುವಾಗುವ ಮುಂಚಿನ ಸಡಿಲ ಚಲನೆ) ಕೈಯಿಂದ ಒತ್ತಿ ನೋಡಿ. ಎಷ್ಟಿರಬೇಕು ಎಂಬುದು ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಪ್ಲೇ ಏನೂ ಇಲ್ಲದಿದ್ದರೆ ನೀವು ಕಾಲು ತೆಗೆದರೂ ಪ್ಲೇಟ್ ಜಾರುತ್ತಲೇ ಇರುತ್ತದೆ, ಬೆಳಿಗ್ಗೆ ಲೋಡ್ ತುಂಬುವ ಮುಂಚೆ ಅಡ್ಜಸ್ಟ್ ಮಾಡಿಸಿ.