ಡಾಕ್ಟರ ಚೀಟಿ ಇಲ್ಲದೆ ಫಿಸಿಯೋಥೆರಪಿ: ಅಮೆರಿಕದ ‘ಡೈರೆಕ್ಟ್ ಆಕ್ಸೆಸ್’ ಕಾನೂನುಗಳು

ಸೊಂಟನೋವಿನ ರೋಗಿ ಡಾಕ್ಟರನ್ನು ಕಾಣದೆ ನೇರವಾಗಿ ಫಿಸಿಯೋಥೆರಪಿಸ್ಟ್ ಬಳಿ ಹೋಗಬಹುದೇ? ಅಮೆರಿಕದಲ್ಲಿ ಇದನ್ನು ತೀರ್ಮಾನಿಸುವುದು ಆಯಾ ರಾಜ್ಯದ ಕಾನೂನು. ನೆಬ್ರಾಸ್ಕ 1957ರಲ್ಲೇ ಒಪ್ಪಿತು. 2015ರ ಜನವರಿ 1ರಂದು ಮಿಷಿಗನ್ ಕಾನೂನು ಜಾರಿಯಾದ ಮೇಲೆ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯ ನೇರ ಪ್ರವೇಶ (ಡೈರೆಕ್ಟ್ ಆಕ್ಸೆಸ್) ಇದೆ. ‘ಎಲ್ಲ ಕಡೆ ಇದೆ’ ಎಂದುಕೊಂಡು ಮುಂದೆ ಹೋಗಬೇಡಿ, ನಿಜವಾದ ವಿಷಯವಿರುವುದು ಷರತ್ತುಗಳಲ್ಲಿ.

ಕ್ಯಾಲಿಫೋರ್ನಿಯಾವನ್ನು ಬಿಡಿಸಿ ಓದಿದರೆ ಉಳಿದವು ಸುಲಭ. ಅಲ್ಲಿ 2014ರಿಂದ ಚೀಟಿ ಇಲ್ಲದೆ 45 ದಿನ ಅಥವಾ 12 ಭೇಟಿ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಚಿಕಿತ್ಸೆ ಕೊಡಬಹುದು. ಆಮೇಲೂ ಮುಂದುವರಿಸಬೇಕಾದರೆ ಡಾಕ್ಟರು ರೋಗಿಯನ್ನು ಖುದ್ದಾಗಿ ಪರೀಕ್ಷಿಸಿ ಚಿಕಿತ್ಸಾ ಯೋಜನೆಗೆ ಸಹಿ ಹಾಕಬೇಕು. ನೇರವಾಗಿ ಬಂದ ರೋಗಿಗೆ ಈ ನಿಯಮವನ್ನು ಬಾಯಲ್ಲೂ ಹೇಳಿ, ಬರಹದಲ್ಲೂ ಕೊಟ್ಟು ಸಹಿ ಪಡೆಯಬೇಕು. ಆ ಬರಹದ ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದಿರಬಾರದು ಎಂದೂ ಕಾನೂನಿನಲ್ಲಿದೆ. ಇನ್ನೊಂದು ಕರ್ತವ್ಯ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ತನ್ನ ವ್ಯಾಪ್ತಿ ಮೀರಿದ ಲಕ್ಷಣ ಕಂಡರೆ, ಅಥವಾ ರೋಗಿ ಸುಧಾರಿಸದಿದ್ದರೆ, ಥೆರಪಿಸ್ಟ್ ಡಾಕ್ಟರ ಬಳಿ ಕಳಿಸಲೇಬೇಕು.

ನ್ಯೂಯಾರ್ಕ್‌ನಲ್ಲಿ ಮಿತಿ 10 ಭೇಟಿ ಅಥವಾ 30 ದಿನ; ಜೊತೆಗೆ ಥೆರಪಿಸ್ಟ್‌ಗೆ ಪೂರ್ಣಾವಧಿಯ 3 ವರ್ಷ ಅನುಭವ ಬೇಕು. ಮಿಷಿಗನ್‌ನಲ್ಲಿ 21 ದಿನ ಅಥವಾ 10 ಚಿಕಿತ್ಸೆ.

ಒಂದೇ ಸೊಂಟನೋವಿಗೆ ಮೂರು ರಾಜ್ಯದಲ್ಲಿ ಮೂರು ಗಡುವು! ದಿನ ಎಣಿಸುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಅಪಾಯ ಇರುವುದು ಮೊದಲ ಭೇಟಿಯಲ್ಲೇ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ ಅದು ಕಾಡಾ ಈಕ್ವೈನಾ (ಬೆನ್ನುಹುರಿಯ ಕೆಳತುದಿಯ ನರಗಳು ಅದುಮಿಹೋಗುವ ತುರ್ತುಸ್ಥಿತಿ) ಇರಬಹುದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕಳಿಸಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಹನ್ನೆರಡನೆಯ ಭೇಟಿಯವರೆಗೆ ಕಾಯುವಂತಿಲ್ಲ. ಹಾಗಾಗಿ ಬಿಗಿ ಮಾಡಬೇಕಾದದ್ದು ಈ ರೆಡ್ ಫ್ಲ್ಯಾಗ್‌ಗಳನ್ನು, ಅಂದರೆ ಅಪಾಯದ ಲಕ್ಷಣಗಳನ್ನು, ಗುರುತಿಸುವ ತರಬೇತಿಯನ್ನು, ಕಳಿಸುವ ಹೊಣೆಯನ್ನು. ಇವೆರಡೂ ಗಟ್ಟಿಯಿದ್ದ ಕಡೆ ಮಂಡಿನೋವಿನಿಂದ ನಿಧಾನವಾಗಿ ಚೇತರಿಸುತ್ತಿರುವವರನ್ನು ಗಡುವಿನ ನೆಪದಲ್ಲಿ ಮಧ್ಯದಲ್ಲೇ ನಿಲ್ಲಿಸುವುದು ಅನ್ಯಾಯ.

ಇನ್ನು ಹಣದ ಮಾತು. ರಾಜ್ಯದ ಕಾನೂನು ಚಿಕಿತ್ಸೆಗೆ ಅನುಮತಿ ಕೊಡುತ್ತದೆಯೇ ಹೊರತು ವಿಮೆ ಕಂಪನಿ ದುಡ್ಡು ಕೊಡುತ್ತದೆ ಎಂದು ಹೇಳುವುದಿಲ್ಲ. ಚೀಟಿ ಇಲ್ಲದ ಚಿಕಿತ್ಸೆಗೆ ವಿಮೆ ಸಿಗದೆ ಹೋಗಬಹುದು ಎಂದು ನ್ಯೂಯಾರ್ಕ್‌ನಲ್ಲಿ ರೋಗಿಗೆ ಬರಹದಲ್ಲೇ ತಿಳಿಸಬೇಕು. ವೃದ್ಧರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್ ಮೊದಲೇ ಚೀಟಿ ಕೇಳುವುದಿಲ್ಲ, ಆದರೆ ಚಿಕಿತ್ಸಾ ಯೋಜನೆಯನ್ನು ಡಾಕ್ಟರು 30 ದಿನದೊಳಗೆ ದೃಢೀಕರಿಸಬೇಕು. 2025ರಿಂದ ಈ ಸಹಿಗೆ ಒಂದು ವಿನಾಯಿತಿ ಬಂದಿದೆ: ಡಾಕ್ಟರು ಸಹಿ ಮಾಡಿದ ಚೀಟಿ ಕಡತದಲ್ಲಿದ್ದು, ಯೋಜನೆಯನ್ನು 30 ದಿನದೊಳಗೆ ಅವರಿಗೆ ಕಳಿಸಿದ್ದರೆ ಸಾಕು. ಚೀಟಿ ಇಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಈ ವಿನಾಯಿತಿ ಸಿಗುವುದಿಲ್ಲ.