ಎಲ್‌ಎಲ್‌ಎಂ ಅರ್ಜಿ: ಕಾಲೇಜು ಆಮೇಲೆ, ಮೊದಲು ಪ್ರಶ್ನೆ ಹುಡುಕಿ

"ಸರ್, ಎಲ್‌ಎಲ್‌ಎಂ ಎಲ್ಲಿ ಮಾಡಿದ್ರ ಚಲೋರಿ?" ಎಲ್‌ಎಲ್‌ಬಿ ಕೊನೆಯ ಸೆಮಿಸ್ಟರ್ ಬಂತೆಂದರೆ ಬೆಳಗಾವಿಯ ಲಾ ವಿದ್ಯಾರ್ಥಿಗಳಿಂದ ಈ ಪ್ರಶ್ನೆ ಶುರುವಾಗುತ್ತದೆ. ಏನು ಓದಬೇಕು ಅಂತಿದ್ದೀರಿ ಎಂದು ನಾನು ಕೇಳುತ್ತೇನೆ. "ಕಾನ್‌ಸ್ಟಿಟ್ಯೂಷನ್ ಸರ್." ಸಂವಿಧಾನದಲ್ಲಿ ಯಾವ ವಿಷಯ? ಅಲ್ಲಿಗೆ ಮಾತು ನಿಲ್ಲುತ್ತದೆ.

ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಯಾಕೆ ಬೇಕು ಅನ್ನೋದನ್ನು ಮೊದಲು ನೋಡಿಬಿಡೋಣ. ವಕೀಲಿಕೆಗೆ ಅದು ಬೇಕಾಗಿಲ್ಲ. ಸನ್ನದು ಪಡೆಯಲು ಎಲ್‌ಎಲ್‌ಬಿ ಸಾಕು. ಲಾ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಮಾತ್ರ ತಪ್ಪಿಸುವಂತಿಲ್ಲ: ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ. ಇನ್ನು ಸಿವಿಲ್ ಜಡ್ಜ್ ಆಗಬೇಕು ಅನ್ನುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಆ ಪರೀಕ್ಷೆಗೆ ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಎಲ್‌ಎಲ್‌ಬಿ ಮುಗಿದ ಕೂಡಲೇ ಎಲ್‌ಎಲ್‌ಎಂ ತರಗತಿಗೆ ಹೋಗಿ ಕೂತರೆ ಆ ಅನುಭವ ಶುರುವಾಗುವುದು ಅಷ್ಟೇ ತಡ. "ಸುಮ್ನೆ ಮನೇಲಿ ಕೂರೋದಕ್ಕಿಂತ ಎಲ್‌ಎಲ್‌ಎಂ ಮಾಡ್ತೀನಿ" ಅನ್ನುವವರಿಗೆ ನಾನು ಹೇಳುವುದು, ಯಾರಾದರೂ ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರಿ ಎಂದು.

ಬಾಗಿಲುಗಳು ಹೀಗಿವೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ: ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ ನಡೆಯುತ್ತಿದೆ, 2 ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್‌ಎಲ್‌ಬಿಯಲ್ಲಿ ಶೇ. 50 ಇರಬೇಕು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 45. ವಯಸ್ಸಿನ ಮಿತಿ ಇಲ್ಲ, ಕೊನೆಯ ವರ್ಷದಲ್ಲಿ ಇದ್ದವರೂ ಬರೆಯಬಹುದು. ದೆಹಲಿಯ ರಾಷ್ಟ್ರೀಯ ಕಾನೂನು ವಿ.ವಿ. ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ದೆಹಲಿ ವಿ.ವಿ., ಬನಾರಸ್ ಹಿಂದೂ ವಿ.ವಿ. ಥರದವಕ್ಕೆ ಸಿಯುಇಟಿ ಪಿಜಿ ಪರೀಕ್ಷೆ. ನಮ್ಮ ರಾಜ್ಯದೊಳಗೇ ಓದುವುದಾದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿ.ವಿ. ಇದೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ಕ್ಲಾಟ್ ಪಿಜಿಯಲ್ಲಿ ತೀರ್ಪುಗಳ ಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ಎಲ್ಲವೂ ಇಂಗ್ಲಿಷಿನಲ್ಲಿ. ಎಲ್‌ಎಲ್‌ಬಿಯನ್ನು ಕನ್ನಡದಲ್ಲಿ ಬರೆದು ಪಾಸಾದವರು ನಮ್ಮಲ್ಲಿ ಬಹಳ. ಅವರಿಗೆ ಕಾನೂನು ಗೊತ್ತಿಲ್ಲ ಅಂತಲ್ಲ, ಓದುವ ವೇಗ ಸಾಲುವುದಿಲ್ಲ. ಗೈಡ್ ಬಿಡಿ. ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ಜುಲೈನಿಂದಲೇ ದಿನಕ್ಕೆ ಹತ್ತು ಪುಟ ಓದಿದರೆ ಡಿಸೆಂಬರ್ ಹೊತ್ತಿಗೆ ಕಣ್ಣು ಓಡುತ್ತದೆ.

ಒಂದು ವರ್ಷದ್ದೋ ಎರಡು ವರ್ಷದ್ದೋ ಎಂಬ ಗೊಂದಲವೂ ಇದೆ. ಒಂದು ವರ್ಷದ ಎಲ್‌ಎಲ್‌ಎಂಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲಿ ದಾರಿ ಮಾಡಿಕೊಟ್ಟಿತು. ಬಾರ್ ಕೌನ್ಸಿಲ್ 2020ರ ನಿಯಮಗಳಲ್ಲಿ ಅದನ್ನು ನಿಲ್ಲಿಸಲು ಹೊರಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರೀಯ ಕಾನೂನು ವಿ.ವಿ.ಗಳಲ್ಲಿ ಕೋರ್ಸು ನಡೆದೇ ಇದೆ. ಅದೇ ನಿಯಮಗಳು ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಬಗ್ಗೆಯೂ ಬಿಗಿಯಾಗಿವೆ. ಲಂಡನ್‌ನಲ್ಲಿ ಓದಿ ಬಂದು ಇಲ್ಲಿ ಲೆಕ್ಚರರ್ ಆಗುವ ಯೋಚನೆ ಇದ್ದರೆ ಫೀ ಕಟ್ಟುವ ಮೊದಲು ಆ ಪದವಿ ಇಲ್ಲಿನ ಎಲ್‌ಎಲ್‌ಎಂಗೆ ಸಮ ಎಂಬ ಮಾನ್ಯತೆ ಸಿಗುತ್ತದೆಯೇ ಎಂದು ವಿಚಾರಿಸಿ.

ಈಗ ಎಸ್‌ಒಪಿ ವಿಷಯ, ಅಂದರೆ ಏನು ಓದಬೇಕು, ಯಾಕೆ ಎಂದು ಅರ್ಜಿಯ ಜೊತೆ ಬರೆದುಕೊಡುವ ಹೇಳಿಕೆ. ವಿದೇಶಿ ವಿ.ವಿ.ಗಳೆಲ್ಲ ಹೆಚ್ಚುಕಮ್ಮಿ ಇದನ್ನು ಕೇಳುತ್ತವೆ. ಇಲ್ಲೂ ಪಿಎಚ್‌ಡಿ ಮಾಡುವಾಗ, ಸ್ಕಾಲರ್‌ಶಿಪ್ ಕೇಳುವಾಗ ಹೀಗೇ ಬರೆಯಬೇಕಾಗುತ್ತದೆ. ನನ್ನ ಟೇಬಲಿಗೆ ಬರುವ ಹೆಚ್ಚಿನ ಎಸ್‌ಒಪಿಗಳು ಶುರುವಾಗುವುದು ಒಂದೇ ಥರ: ಚಿಕ್ಕಂದಿನಿಂದ ನನಗೆ ನ್ಯಾಯದ ಬಗ್ಗೆ ತುಡಿತ, ಅಂಬೇಡ್ಕರ್ ನನಗೆ ಸ್ಫೂರ್ತಿ, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ. ಈಗೀಗ ಚಾಟ್‌ಜಿಪಿಟಿ ಬರೆದುಕೊಟ್ಟವೂ ಬರುತ್ತಿವೆ. ಇಂಗ್ಲಿಷ್ ನುಣುಪಾಗಿದೆ, ಹುಡುಗ ಬೀಳಗಿಯವನೋ ಬೆಂಗಳೂರಿನವನೋ ಗೊತ್ತಾಗುವುದಿಲ್ಲ.

ಬೀಳಗಿಯ ಹುಡುಗನೇ ಅಂತ ಇಟ್ಟುಕೊಳ್ಳಿ. ಆಲಮಟ್ಟಿ ಹಿನ್ನೀರಿನಲ್ಲಿ ಅವನ ಊರಿನ ಜಮೀನು ಹೋಗಿದೆ. ಎಲ್‌ಎಸಿ (ಭೂಸ್ವಾಧೀನ ಪರಿಹಾರದ) ಕೇಸುಗಳ ಮಾತು ಕೇಳುತ್ತಲೇ ಬೆಳೆದಿದ್ದಾನೆ. ಒಂದೇ ನೋಟಿಫಿಕೇಶನ್ನಿನಲ್ಲಿ ಇಬ್ಬರ ಜಮೀನು ಹೋಯಿತು. ಒಬ್ಬ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಕೋರ್ಟಿಗೆ ಹೋಗಿ ಪರಿಹಾರ ಹೆಚ್ಚಿಸಿಕೊಂಡ. ಇನ್ನೊಬ್ಬ ಹೋಗಲಿಲ್ಲ. ಅಂಥವನಿಗೂ ಅದೇ ದರ ಸಿಗಲಿ ಅಂತಲೇ 28ಎ ಕಲಂ ಇದೆ. ಆದರೆ ಕೋರ್ಟಿನ ತೀರ್ಪು ಬಂದ 3 ತಿಂಗಳೊಳಗೆ ಅರ್ಜಿ ಹಾಕಬೇಕು. ತಾನು ಪಾರ್ಟಿಯೇ ಅಲ್ಲದ ಕೇಸಿನಲ್ಲಿ ತೀರ್ಪು ಬಂತು ಅಂತ ಅವನಿಗೆ ಯಾರು ಹೇಳಬೇಕು? 2013ರ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ಅದೇ 3 ತಿಂಗಳ ಗಡುವು. ಆಲಮಟ್ಟಿ ಆಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವಾಗ ಈ ಪ್ರಶ್ನೆ ಹಳೆಯದಾಗಿಲ್ಲ. ಇಷ್ಟನ್ನು ಎಸ್‌ಒಪಿಯ ಮೊದಲ ಅರ್ಧ ಪುಟದಲ್ಲಿ ಬರೆದರೆ ಓದುವ ಪ್ರೊಫೆಸರ್ ತಲೆ ಎತ್ತಿ ಕೂರುತ್ತಾರೆ. ಕೋರ್ಸಿನ ಕೊನೆಗೆ ಬರೆಯುವ ಪ್ರಬಂಧಕ್ಕೂ (ಡಿಸರ್ಟೇಶನ್) ಅದೇ ವಿಷಯ ಆಗುತ್ತದೆ.

ಇಂಥ ಪ್ರಶ್ನೆಗಳು ನಮ್ಮ ಭಾಗದ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಕಬ್ಬು ಕಳಿಸಿದ 14 ದಿನದೊಳಗೆ ದುಡ್ಡು ಕೊಡದಿದ್ದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಕೇಳಿ ಪಡೆದ ರೈತರು ಎಷ್ಟು ಜನ, ಪಡೆಯದಿದ್ದರೆ ತೊಡಕು ಎಲ್ಲಿದೆ? ಸವದತ್ತಿಯ ಕಡೆಯವರಿಗೆ ದೇವದಾಸಿ ಪದ್ಧತಿ ನಿಷೇಧದ ಕಾನೂನು ಇದೆ. ಇಳಕಲ್ಲಿನವರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಉತ್ಪನ್ನಕ್ಕೆ ಸಿಗುವ ಕಾನೂನಿನ ಗುರುತು) ಇದೆ: ಸೀರೆಗೆ ಮಾನ್ಯತೆ ಸಿಕ್ಕಿತು, ನೇಕಾರನಿಗೆ ಸಿಕ್ಕಿದ್ದೇನು?

ಬೆಳಗಾವಿಯವರು ಗಡಿ ವಿಷಯ ಎತ್ತಿಕೊಂಡರೆ ನಾನು ಸ್ವಲ್ಪ ತಡೆಯುತ್ತೇನೆ. ವಿಷಯ ದೊಡ್ಡದು, ಅನುಮಾನವಿಲ್ಲ. ಮಹಾರಾಷ್ಟ್ರ 2004ರಲ್ಲಿ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಿದೆ. ರಾಜ್ಯಗಳ ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಲ್ಲಿ ಸಂಸತ್ತಿಗಿರುವಾಗ ಕೋರ್ಟು ಎಷ್ಟು ದೂರ ಹೋಗಬಹುದು ಅನ್ನೋದು ಒಳ್ಳೇ ಪ್ರಶ್ನೆ. ಆದರೆ ನಮ್ಮವರು ಎರಡನೇ ಪ್ಯಾರಾಕ್ಕೇ ರಾಜ್ಯೋತ್ಸವದ ಭಾಷಣಕ್ಕೆ ಇಳಿದುಬಿಡುತ್ತಾರೆ. ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಒಂದು ಪುಟ ಬರೆಯಲು ಆಗುವುದಾದರೆ ಮಾತ್ರ ಆ ವಿಷಯ ಹಿಡಿಯಿರಿ.

ಪ್ರಶ್ನೆ ಸಿಕ್ಕರೆ ಎಲ್ಲಿ ಓದಬೇಕು ಅನ್ನೋದು ಅರ್ಧ ತೀರ್ಮಾನವಾದಂತೆ. ಕಬ್ಬಿನ ಪ್ರಶ್ನೆ ಇರುವವರಿಗೆ ಲಂಡನ್‌ಗಿಂತ ಹುಬ್ಬಳ್ಳಿಯೇ ವಾಸಿ ಇರಬಹುದು. ಕಾರ್ಖಾನೆ, ಕೋರ್ಟು, ರೈತರು ಎಲ್ಲ ಹತ್ತಿರ. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ರೆಕಮೆಂಡೇಶನ್ ಪತ್ರದ ಕಥೆ ಬೇರೆ. ನಮ್ಮಲ್ಲಿ ವಿದ್ಯಾರ್ಥಿಯೇ ಟೈಪ್ ಮಾಡಿಕೊಂಡು ಬರುತ್ತಾನೆ, ಗುರುಗಳು ಸಹಿ ಹಾಕುತ್ತಾರೆ. ಅದರಲ್ಲಿ ಇರೋದು ಪ್ರಾಮಾಣಿಕ, ವಿಧೇಯ, ಶ್ರಮಜೀವಿ. ಹೊರಗಿನವರಿಗೆ ವಿಧೇಯತೆಯಿಂದ ಏನೂ ಆಗಬೇಕಿಲ್ಲ. ಮೂಟ್ ಕೋರ್ಟಿನಲ್ಲಿ (ಕಾಲೇಜಿನ ಅಣಕು ನ್ಯಾಯಾಲಯ) ಯಾವ ವಾದ ಮಂಡಿಸಿದ, ತರಗತಿಯಲ್ಲಿ ಏನು ಕೇಳಿದ, ಅದು ಬೇಕು. ಹಾಗೆ ಬರೆಯಬೇಕೆಂದರೆ ಗುರುಗಳಿಗೆ ನಿಮ್ಮ ಮುಖವಾದರೂ ನೆನಪಿರಬೇಕಲ್ವಾ? ಪ್ರಿನ್ಸಿಪಾಲರ ಸಹಿಗಿಂತ ನಿಮ್ಮನ್ನು ಬಲ್ಲ ಲೆಕ್ಚರರ್ ಪತ್ರವೇ ಮೇಲು. ಹೊರಗಿನ ವಿ.ವಿ.ಗಳು ಪತ್ರವನ್ನು ನೇರವಾಗಿ ಅವರಿಂದಲೇ ತರಿಸಿಕೊಳ್ಳುತ್ತವೆ, ಕಾಲೇಜಿನ ಇಮೇಲ್ ಇದ್ದರೆ ಒಳ್ಳೆಯದು.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ವಿದೇಶಿ ವಿದ್ಯಾರ್ಥಿವೇತನ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಬ್ರಿಟನ್ನಿನ ಚೀವನಿಂಗ್‌ಗೆ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ದೇಶಕ್ಕೆ ವಾಪಸ್ ಬಂದು ಕನಿಷ್ಠ 2 ವರ್ಷ ಇಲ್ಲೇ ಇರಬೇಕು.

ಕಾಗದಪತ್ರಗಳಲ್ಲಿ ಜಾಸ್ತಿ ತಡವಾಗುವುದು ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರಿನ ಅಂಕಗಳ ಬಗ್ಗೆ ವಿ.ವಿ. ಕೊಡುವ ಪತ್ರ. ರಾಣಿ ಚನ್ನಮ್ಮ ವಿ.ವಿ. ಬೆಳಗಾವಿಯ ಪಕ್ಕದಲ್ಲೇ ಇದೆ ಅಂತ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಲಾ ಕಾಲೇಜುಗಳು 2009ರಲ್ಲಿ ಶುರುವಾದ ಕಾನೂನು ವಿ.ವಿ.ಗೆ ಸೇರಿವೆ, ಅದಕ್ಕೆ ಹುಬ್ಬಳ್ಳಿಯ ನವನಗರಕ್ಕೇ ಹೋಗಬೇಕು. ಅದಕ್ಕೂ ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಒಂದು ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಆಧಾರಿನಲ್ಲಿ ಅಪ್ಪನ ಹೆಸರು ನಡುವೆ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇದ್ದಂತೆ ಎಲ್ಲವನ್ನೂ ಸರಿಮಾಡಿಸಿ. ಆಮೇಲೆ ಆದರೆ ಅಫಿಡವಿಟ್ ಹಿಡಿದು ಒಂದೊಂದು ಆಫೀಸಿಗೂ ಓಡಾಡಬೇಕಾಗುತ್ತದೆ.