ರಿಪೋರ್ಟ್‌ನಲ್ಲಿ ಏನೂ ಇಲ್ಲ, ಆದರೂ ಮೊಣಕಾಲಿನ ಸೋಂಕು ಮರಳಿದ್ದೇಕೆ?

ಪ್ರಶ್ನೆ: ಅಮ್ಮನಿಗೆ ಮೊಣಕಾಲಿನ ಕೀಲು ಬದಲಿಸಿದ ಮೇಲೆ ಸೋಂಕಾಯಿತು. ಆರು ವಾರ ಆ್ಯಂಟಿಬಯೋಟಿಕ್ ಕೊಟ್ಟರು, ವಾಸಿಯಾಯಿತು. ನಾಲ್ಕು ತಿಂಗಳಿಗೆ ಮತ್ತೆ ಊತ. ಕಲ್ಚರ್ (ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಮಾತ್ರ ಏನೂ ಬೆಳೆದಿಲ್ಲ. ಬ್ಯಾಕ್ಟೀರಿಯಾ ಎಲ್ಲಿತ್ತು?
(ಡೊಂಬಿವಲಿಯ ಓದುಗರು)

ಅಮ್ಮನ ಜೀವಕೋಶಗಳ ಒಳಗೇ ಇದ್ದಿರಬಹುದು. ಮುಂಬಯಿಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ರಿಪೋರ್ಟ್ ಹಿಡಿದು ನಿಂತವರ ಮುಖ ನೋಡಿದರೆ ಸಂಕಟವಾಗುತ್ತದೆ.

ಮೂಳೆ ಸೋಂಕಿಗೆ ಹೆಚ್ಚಾಗಿ ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್. ಎಷ್ಟೋ ಜನರ ಮೂಗಿನಲ್ಲಿ ಸುಮ್ನೆ ಇರುವಂಥದ್ದು. ಇದು ಕೋಶದ ಹೊರಗಷ್ಟೇ ಬದುಕುತ್ತದೆ ಎಂದು ಬಹಳ ಕಾಲ ನಂಬಿದ್ದರು. ಆದರೆ ಇದು ನಮ್ಮ ದೇಹದ್ದೇ ಆದ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಮೂಳೆ ಕಟ್ಟುವ ಕೋಶ ಆ ಪ್ರೋಟೀನನ್ನು ಹಿಡಿದು ಒಳಗೆಳೆದುಕೊಂಡಾಗ ಬ್ಯಾಕ್ಟೀರಿಯಾವೂ ಒಳಗೆ ಬಂದುಬಿಡುತ್ತದೆ. ಜೆಂಟಾಮೈಸಿನ್‌ನಂಥ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಪ್ರಯೋಗಾಲಯದಲ್ಲಿ ಜೆಂಟಾಮೈಸಿನ್ ಹಾಕಿ ಹೊರಗಿನವನ್ನೆಲ್ಲ ಕೊಂದು, ಆಮೇಲೆ ಕೋಶ ಒಡೆದರೆ ಒಳಗಿನವು ಜೀವಂತ ಸಿಗುತ್ತವೆ!

ಒಳಗೆ ಸೇರಿದ ಕೆಲವು ತೀರಾ ನಿಧಾನವಾಗಿ ಬೆಳೆಯುತ್ತವೆ. ಸಾಮಾನ್ಯ ಸ್ಟ್ಯಾಫ್ ಆದರೆ ಮರುದಿನ ಬೆಳಗ್ಗೆ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ತೆರೆದಾಗ ಸಾಸಿವೆಯಷ್ಟು ದಪ್ಪದ, ಹಳದಿ ಚುಕ್ಕೆಗಳು ಕಾಣುತ್ತವೆ. ಇವು ಎರಡು ಮೂರು ದಿನ ಬಿಟ್ಟು, ಸೂಜಿಮೊನೆಯಷ್ಟು, ಬಣ್ಣವೂ ಇಲ್ಲದೆ ಏಳುತ್ತವೆ. ಪ್ಲೇಟನ್ನು ಬೆಳಕಿಗೆ ಓರೆ ಮಾಡಿ ಹಿಡಿದರಷ್ಟೇ ಕಾಣುವುದು. ಅವಸರದಲ್ಲಿ ಕಣ್ಣು ತಪ್ಪುವುದು ಸುಲಭ ಅಲ್ವಾ?

ಬೇರೆ ಅಡಗುತಾಣಗಳೂ ಇವೆ: ಕೃತಕ ಕೀಲಿನ ಮೇಲೆ ಬ್ಯಾಕ್ಟೀರಿಯಾಗಳೇ ಕಟ್ಟಿಕೊಳ್ಳುವ ಲೋಳೆಪದರ, ಮೂಳೆಯೊಳಗಿನ ಸಣ್ಣ ಸಣ್ಣ ಕಾಲುವೆಗಳು. ಹಾಗಾಗಿ ಡಾಕ್ಟರನ್ನು ಮೂರು ಮಾತು ಕೇಳಿ. ಸ್ಯಾಂಪಲ್ ತೆಗೆದಾಗ ಅಮ್ಮ ಆ್ಯಂಟಿಬಯೋಟಿಕ್ ತಗೊಳ್ತಿದ್ದರಾ? ಒಂದೇ ಕಡೆಯಿಂದ ತೆಗೆದರಾ, ಹಲವು ಕಡೆಯಿಂದಲಾ? ಪ್ಲೇಟನ್ನು ಎಷ್ಟು ದಿನ ಇಟ್ಟರು? ಕೃತಕ ಕೀಲಿನ ಸ್ಯಾಂಪಲ್ ಆದರೆ 14 ದಿನದವರೆಗೂ ಇಡುವುದುಂಟು. ಟಿಬಿ ಪರೀಕ್ಷೆ ಆಗಿದೆಯಾ ಎಂದೂ ವಿಚಾರಿಸಿ, ಟಿಬಿ ಮೂಳೆಗೂ ಬರುತ್ತದೆ.

ಮುಂದೆ ಟಿಬಿಗೂ ಕೊಡುವ ರಿಫಾಂಪಿಸಿನ್ ಎಂಬ ಔಷಧ ಬರೆದರೆ, ಅಮ್ಮನಿಗೆ ಟಿಬಿಯೇ ಬಂತು ಅಂತ ಗಾಬರಿ ಬೇಡ. ಅದು ಕೋಶದೊಳಗೂ ಲೋಳೆಪದರದೊಳಗೂ ಇಳಿಯುತ್ತದೆ, ಅದಕ್ಕೇ ಕೊಡುವುದು. ಆದರೆ ಜೊತೆಗೆ ಕೊಟ್ಟ ಇನ್ನೊಂದು ಔಷಧ ಬಿಟ್ಟು ಇದೊಂದನ್ನೇ ಖಂಡಿತ ನುಂಗಬಾರದು. ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಅದಕ್ಕೆ ಜಗ್ಗದಂತಾಗಿಬಿಡುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ, ರಕ್ತ ಅಂತ ಹೆದರಿಬಿಟ್ಟಾರು.